ನೆಂಟರಿಲ್ಲದ ದಾರಿ

ಚನ್ನಗಿರಿಯ ಮುಂಜಾನೆ ಗೆಳೆಯರ ಬಳಗದವರು ವರ್ಷಕ್ಕೊಮ್ಮೆ ಪ್ರವಾಸ ಹೊರಡುತ್ತಾರೆ. ಹೊರಡುತ್ತಾರೆ ಎಂಬುದಷ್ಟೇ ನಿಜ, ಹೋಗಬೇಕೆಂದ ಜಾಗವನ್ನು ಅವರು ಒಮ್ಮೆಯೂ ಮುಟ್ಟಿದವರಲ್ಲ. ಬಸ್ಸು ಕೆಟ್ಟಿತು, ರಸ್ತೆ ಕುಸಿಯಿತು, ಯಾರಿಗೋ ವಾಂತಿಯಾಯಿತು ಎಂದೆಲ್ಲ ಅಂದುಕೊಳ್ಳಬೇಡಿ. ಬಸ್ಸು ಗಟ್ಟಿಮುಟ್ಟಾಗಿಯೇ ಇರುತ್ತದೆ, ಹತ್ತುವವರ ಹೊಟ್ಟೆಯೂ ಗಟ್ಟಿ. ಅಡ್ಡ ಬರುವವರು ನೆಂಟರು.

ನಮ್ಮ ಕಡೆ ನೆಂಟರ ಊರಿನ ಮೇಲೆ ಹಾದು ಹೋಗುವವನು ಅವರ ಮನೆಯ ಹೊಸ್ತಿಲು ತುಳಿಯದೆ ಹೋಗುವಂತಿಲ್ಲ. ಹೋದನೆಂದರೆ ಆ ಸುದ್ದಿ ಅವನಿಗಿಂತ ಮೊದಲೇ ಅವನ ಮನೆ ಸೇರಿರುತ್ತದೆ. 'ನಮ್ಮ ಬಾಗಿಲ ಮುಂದೇ ಹೋದ್ರಂತೆ, ತಿರುಗಿ ಸೈತ ನೋಡ್ಲಿಲ್ಲಂತೆ' ಎಂಬ ಮಾತು ಮುಂದಿನ ಮದುವೆ, ನಾಮಕರಣ, ತಿಥಿಗಳಲ್ಲೆಲ್ಲ ಓಡಾಡುತ್ತದೆ. ಸರಿ, ಒಂದು ಲೋಟ ನೀರು ಕುಡಿದು ಎದ್ದು ಬರೋಣವೆಂದು ಒಳಗೆ ಹೋದರೆ ನೀರಿನ ಹಿಂದೆ ಚಹಾ, ಚಹಾದ ಹಿಂದೆ ಮಂಡಕ್ಕಿ ಮೆಣಸಿನಕಾಯಿ, ಅದನ್ನು ತಿಂದು ಮುಗಿಸುವಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿರುತ್ತದೆ. ಕುಕ್ಕರ್ ಕೂಗಿದ ಮನೆಯಿಂದ ಉಣ್ಣದೆ ಎದ್ದು ಹೋಗುವ ಧೈರ್ಯ ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೂ ಯಾರಿಗೂ ಬಂದಿಲ್ಲ.

ಒಂದು ವರ್ಷ ಜೋಗಕ್ಕೆಂದು ಹೊರಟರು. ಬಳಗದ ಅಧ್ಯಕ್ಷ ಮಲ್ಲಿಕಾರ್ಜುನಪ್ಪ, ಗೊಬ್ಬರದ ಅಂಗಡಿಯವರು, ಒಬ್ಬರಲ್ಲ ಇಬ್ಬರಲ್ಲ ಐವರು ತಂಗಿಯರ ಅಣ್ಣ, "ಸ್ವಲ್ಪ ಸುತ್ತಾದ್ರೂ ಸಾಸ್ವೆಹಳ್ಳಿ ಮ್ಯಾಲೆ ಹೋಗಣ. ತಂಗಿ ಮನೆ ಐತೆ. ಐದೇ ನಿಮಿಷ" ಎಂದರು. ಆ ಐದು ನಿಮಿಷದಲ್ಲಿ ಹೋಳಿಗೆ ಬೆಂದು, ಊಟವಾಗಿ, ಗಂಡಸರು ಜಗಲಿಯ ಮೇಲೆ ಮಲಗಿ ಗೊರಕೆ ಹೊಡೆದು ಎದ್ದಾಗ ಹೊತ್ತು ಇಳಿದಿತ್ತು. 'ಜೋಗ ಜಲಪಾತ ಪ್ರವಾಸ' ಎಂದು ಬರೆಸಿದ್ದ ಬ್ಯಾನರ್ ದಂಡವಾಗಬಾರದೆಂದು ಗದ್ದೆಯ ಪಂಪ್‌ಸೆಟ್ಟಿನ ಮುಂದೆ ಅದನ್ನು ಹಿಡಿದು ಫೋಟೊ ತೆಗೆಸಿಕೊಂಡರು. "ನೀರು ಬೀಳ್ತೈತೋ ಇಲ್ವೋ" ಎಂದರು ಅಧ್ಯಕ್ಷರು. ಮರುವರ್ಷ ಆಗುಂಬೆಯ ಸೂರ್ಯಾಸ್ತವನ್ನು ನ್ಯಾಮತಿಯಲ್ಲಿ, ಪಾತ್ರೆ ಅಂಗಡಿ ರೇವಣ್ಣನ ಬೀಗರ ಮನೆಯ ತಾರಸಿಯ ಮೇಲೆ, ಸಂಡಿಗೆ ಒಣಹಾಕಿದ್ದ ಚಾಪೆಗಳ ನಡುವೆ ನಿಂತು ನೋಡಿದರು. ಅದರ ಮುಂದಿನ ವರ್ಷ ಮುರುಡೇಶ್ವರದ ಕಡಲು ಹೊನ್ನಾಳಿಯಲ್ಲೇ ಸಿಕ್ಕಿತು. ತುಂಗಭದ್ರೆಯಲ್ಲಿ ಮೊಣಕಾಲುದ್ದ ಇಳಿದು ಬ್ಯಾನರ್ ಹಿಡಿದರು. ಈ ಫೋಟೊಗಳೆಲ್ಲ ಕಟ್ಟು ಹಾಕಿಸಿಕೊಂಡು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಗೋಡೆಯ ಮೇಲಿವೆ. ಬಳಗದವರು ಬೆಳಗಿನ ನಡಿಗೆ ಮುಗಿಸಿ ಅವುಗಳ ಕೆಳಗೇ ಕೂತು ಕಾಫಿ ಕುಡಿಯುತ್ತಾರೆ. ಒಬ್ಬರಿಗೂ ನಾಚಿಕೆಯಿಲ್ಲ.

ನಾಚಿಕೆ ಇದ್ದವರು ಒಬ್ಬರೇ, ಬಳಗದ ಪ್ರವಾಸ ಕಾರ್ಯದರ್ಶಿ ಹಾಲಸ್ವಾಮಿ.

ಹಾಲಸ್ವಾಮಿ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟು. ಬಸ್ಸಿನ ಬಾಗಿಲಿಗೆ ಒಂದು ಕೈ ಕೊಟ್ಟು "ಹೊನ್ನಾಳಿ, ಹೊನ್ನಾಳಿ, ನ್ಯಾಮತಿ, ಸೀಟ್ ಐತೆ ಬರ್ರಿ" ಎಂದು ಕೂಗುವುದು, ಹೆಂಗಸರ ಗಂಟುಮೂಟೆಗಳನ್ನು ಮೇಲಕ್ಕೆ ಎತ್ತಿಕೊಡುವುದು, ಹೊತ್ತಾದರೆ ಕೊರಳಲ್ಲಿ ನೇತಾಡುವ ಸ್ಟೀಲಿನ ಸೀಟಿ ಊದುವುದು, ಇದು ಅವರ ಕೆಲಸ. ಊರಿನವರನ್ನೆಲ್ಲ ಎಲ್ಲೆಲ್ಲಿಗೋ ಕಳಿಸಿ ತಾವು ಮಾತ್ರ ನಿಂತಲ್ಲೇ ನಿಂತು ತಲೆ ಹಣ್ಣಾದವರು. ಇವರಿಗಿಂತ ಪ್ರವಾಸಕ್ಕೆ ಲಾಯಕ್ಕಾದವರು ಯಾರು ಸಿಕ್ಕಾರೆಂದು ಬಳಗದವರು ಸೀಟಿಯ ಸಮೇತ ಅವರನ್ನು ಕಾರ್ಯದರ್ಶಿ ಮಾಡಿಕೊಂಡಿದ್ದರು.

ಹಾಲಸ್ವಾಮಿಗೆ ಯಾವ ದಾರಿಯಲ್ಲೂ ನೆಂಟರಿರಲಿಲ್ಲ. ಹೆಂಡತಿ ನಾಗರತ್ನಮ್ಮನ ತೌರು ಅದೇ ಬೀದಿಯ ಎದುರು ಸಾಲು. ರಸ್ತೆ ದಾಟಿದ್ದೇ ಅವರ ಮದುವೆಯ ದಿಬ್ಬಣ. ಮಗಳು ಆಶಾಳಾದರೂ ಒಂದಿಷ್ಟು ದೂರದ ಊರು ಸೇರುತ್ತಾಳೆಂದು ಆಸೆಪಟ್ಟರೆ, ಅವಳು ಹಿಂದಿನ ಬೀದಿಯ ಮೊಬೈಲ್ ಅಂಗಡಿಯವನನ್ನು ಮೆಚ್ಚಿ ಕೂತಳು. ಹೀಗಾಗಿ ಅವರ ಬಂಧುಬಳಗವೆಲ್ಲ ಒಂದು ಸೀಟಿ ಊದಿದರೆ ಕೇಳಿಸುವಷ್ಟು ಜಾಗದಲ್ಲೇ ಮುಗಿದುಹೋಗಿತ್ತು. ತಾಯಿ ಹುಲಿಗೆಮ್ಮ ಬಯಲುಸೀಮೆಯ ಹೆಣ್ಣು, ತೌರು ಬನ್ನಿಹಟ್ಟಿ. ಹಾಲಸ್ವಾಮಿ ಎರಡನೇ ಕ್ಲಾಸಿನಲ್ಲಿದ್ದಾಗ ಆಕೆ ತೀರಿಕೊಂಡಳು. ಆಮೇಲೆ ಆ ಕಡೆಯವರು ಬರಲಿಲ್ಲ, ಅಪ್ಪ ಹೋಗಲಿಲ್ಲ. ಯಾವ ಬನ್ನಿಹಟ್ಟಿ ಎಂದು ಕೇಳುವ ಬುದ್ಧಿ ಬರುವ ಹೊತ್ತಿಗೆ ಅಪ್ಪನೂ ಇರಲಿಲ್ಲ. ಆ ಹೆಸರಿನ ಊರುಗಳು ಬಯಲುಸೀಮೆಯಲ್ಲಿ ಬೇಕಾದಷ್ಟಿವೆ, ಯಾವುದಕ್ಕೂ ಚನ್ನಗಿರಿಯಿಂದ ನೇರ ಬಸ್ಸಿಲ್ಲ.

ಪ್ರತಿ ಪ್ರವಾಸದಲ್ಲೂ ಹಾಲಸ್ವಾಮಿ ಬೇರೆಯವರ ನೆಂಟರ ಮನೆಯಲ್ಲಿ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಿದ್ದರು. ಮನೆಯವರು ಮಲ್ಲಿಕಾರ್ಜುನಪ್ಪನವರ ಬಿ.ಪಿ. ವಿಚಾರಿಸುತ್ತಿದ್ದರು, ರೇವಣ್ಣನ ಮೊಮ್ಮಗನಿಗೆ ಹಲ್ಲು ಬಂತೇ ಎಂದು ಕೇಳುತ್ತಿದ್ದರು. ಹಾಲಸ್ವಾಮಿಯ ಸರದಿ ಬಂದಾಗ "ಇವ್ರು?" ಎನ್ನುತ್ತಿದ್ದರು. "ಇವ್ರು ನಮ್ ಜೊತಿಗೆ ಬಂದೋರು" ಎಂದು ಅಧ್ಯಕ್ಷರು ಹೇಳುತ್ತಿದ್ದರು. ಅಲ್ಲಿಗೆ ವಿಚಾರಣೆ ಮುಗಿಯಿತು. ಎರಡನೇ ಸಲ ಹೋಳಿಗೆ ಬಡಿಸುವಾಗ ನೆಂಟರಿಗೆ ಬಲವಂತ, ಜೊತೆಗೆ ಬಂದವರಿಗೆ 'ಬೇಕಾ' ಎಂಬ ಪ್ರಶ್ನೆ. ಬೇಕೆಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ. ಹಾಲಸ್ವಾಮಿ ಎಲೆಗೆ ಕೈ ಅಡ್ಡ ಹಿಡಿದು ವಾಚು ನೋಡಿಕೊಳ್ಳುತ್ತಿದ್ದರು. ಅವರಿಗೆ ಆಗುತ್ತಿದ್ದದ್ದು ಶುದ್ಧ ಹೊಟ್ಟೆಕಿಚ್ಚು. ಅದಕ್ಕೆ ಅವರು ಟೈಮಿನ ಶಿಸ್ತು ಎಂದು ಹೆಸರಿಟ್ಟುಕೊಂಡಿದ್ದರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಹೋಟೆಲಿನಲ್ಲಿ ಪ್ರವಾಸದ ಮಾತು ಬಂತು. ಮೆಡಿಕಲ್ ಶಾಪಿನ ಪ್ರಸನ್ನಕುಮಾರ್, ಬಾಯಿ ಸುಮ್ಮನಿರದ ಮನುಷ್ಯ, ಗೋಡೆಯ ಫೋಟೊಗಳನ್ನೊಮ್ಮೆ ನೋಡಿ ಶುರು ಮಾಡಿದರು.

"ಅಧ್ಯಕ್ಷರೇ, ಈ ಪ್ರವಾಸ ಕಾರ್ಯದರ್ಶಿ ಅನ್ನೋ ಹುದ್ದೆನೇ ತೆಗೆದು ಹಾಕ್ರಿ. ನೆಂಟ್ರ ಮನೆಗೆ ಹೋಗಾಕೆ ಕಾರ್ಯದರ್ಶಿ ಯಾಕೆ ಬೇಕು?"

ಎಲ್ಲರೂ ಕಾಫಿ ಚೆಲ್ಲುವಂತೆ ನಕ್ಕರು. ಹಾಲಸ್ವಾಮಿ ನಗಲಿಲ್ಲ. ಆ ಸೀಟಿಯೊಂದನ್ನು ಬಿಟ್ಟರೆ ಬಳಗದಲ್ಲಿ ಅವರಿಗೆ ಬೇರೆ ಗುರುತೇ ಇರಲಿಲ್ಲ.

"ಈ ಸಲ ಮುಟ್ಟಿಸ್ತೀನಿ" ಎಂದರು. "ಹೇಳಿದ ಜಾಗಕ್ಕೆ, ಎಲ್ಲೂ ನಿಲ್ಲಿಸ್ದಂಗೆ. ಮುಟ್ಟಿಸ್ಲಿಲ್ಲ ಅಂದ್ರೆ ಈ ಸೀಟಿ ಬಿಚ್ಚಿ ನಿಮ್ ಕೊರಳಿಗೇ ಹಾಕ್ತೀನಿ."

"ನಾನೇನು ಸೀಟಿ ಊದ್ಕೊಂತ ಮಾತ್ರೆ ಮಾರ್ಲಾ?" ಎಂದರು ಪ್ರಸನ್ನಕುಮಾರ್. ಆದರೂ ಎಲ್ಲರೆದುರು ಕೈ ಕೊಟ್ಟರು. ಪಂದ್ಯ ಕಟ್ಟಿದ್ದಾಯಿತು.

ಅವತ್ತಿನಿಂದ ಹಾಲಸ್ವಾಮಿಗೆ ಒಂದೇ ಧ್ಯಾನ. ನೆಂಟರಿಲ್ಲದ ದಾರಿಯೊಂದನ್ನು ಹುಡುಕಬೇಕು. ನೇರವಾಗಿ ಕೇಳಿದರೆ ಇಲ್ಲದ ನೆಂಟರನ್ನೂ ನೆನಪಿಸಿಕೊಳ್ಳುವ ಜನ ಇವರು. ಹಾಗಾಗಿ ಅವರು ಬೇರೆ ಉಪಾಯ ಹೂಡಿದರು. ಕಾಫಿಯ ನಡುವೆ ಏನೂ ಅರಿಯದವರಂತೆ ಒಂದೊಂದು ಊರಿನ ಹೆಸರನ್ನು ಮಾತಿನಲ್ಲಿ ತೇಲಿಬಿಟ್ಟು ಎಲ್ಲರ ಮುಖ ನೋಡುವುದು. "ನಿನ್ನೆ ಹೊನ್ನಾಳಿ ಬಸ್ಸು ಬಾಳ ರಶ್ಶಿತ್ತು" ಎಂದರೆ ಅರ್ಧ ಮೇಜು ಅರಳಿತು. ನ್ಯಾಮತಿಗೆ ಉಳಿದರ್ಧ ಅರಳಿತು. ತ್ಯಾವಣಿಗೆ ಎಂದದ್ದೇ ಮಲ್ಲಿಕಾರ್ಜುನಪ್ಪನವರು ಗೊಬ್ಬರದ ಚೀಲ ಖಾಲಿಯಾದಷ್ಟು ಸಂತೋಷಪಟ್ಟು, "ಅಲ್ಲಿ ನಮ್ಮ ಬೀಗರು ಕಲ್ಲೇಶಪ್ಪ ಇಲ್ವಾ, ಅವ್ರ ಮನೆ ಮಜ್ಜಿಗೆ ಮೆಣಸಿನಕಾಯಿ ಅಂದ್ರೆ" ಎಂದು ಕಣ್ಣು ಮುಚ್ಚಿದರು. ಒಂದು ಬೆಳಗ್ಗೆ ಹಾಲಸ್ವಾಮಿ ಜಗಳೂರಿನ ಹೆಸರೆತ್ತಿದರು. ಒಂದು ಮುಖವೂ ಅರಳಲಿಲ್ಲ. ರೇವಣ್ಣ ಆಕಳಿಸಿದರು. ಮರುದಿನ ಇನ್ನೊಮ್ಮೆ ಎತ್ತಿದರು. ಪ್ರಸನ್ನಕುಮಾರ್ ಪೇಪರಿನ ಹಾಳೆ ಮಗುಚಿದರು. ಹಾಲಸ್ವಾಮಿಗೆ ಕುಣಿಯುವಂತಾಯಿತು.

ಜಗಳೂರು ಕಡೆ ಒಂದು ಕುರುಚಲು ಕಾಡಿದೆ. ಅಲ್ಲಿ ಕೊಂಡುಕುರಿ ಎಂಬ ಪ್ರಾಣಿಯಿದೆ, ನೋಡಲು ಜಿಂಕೆಯ ಹಾಗೆ, ತಲೆಯ ಮೇಲೆ ಎರಡರ ಬದಲು ನಾಲ್ಕು ಕೊಂಬು. ಬೆಳಗ್ಗೆ ಬೇಗ ಹೋದರೆ ಕಣ್ಣಿಗೆ ಬೀಳಬಹುದು, ಬಿಸಿಲೇರಿದರೆ ಪೊದೆ ಸೇರಿಬಿಡುತ್ತದೆ. ಇಷ್ಟನ್ನು ವಿಚಾರಿಸಿಕೊಂಡು ಬಂದು ಹಾಲಸ್ವಾಮಿ ಹೇಳಿದಾಗ ಅಧ್ಯಕ್ಷರು ತಮ್ಮ ತಲೆಯನ್ನೇ ಸವರಿಕೊಂಡರು.

"ನಾಲ್ಕು ಕೊಂಬಾ? ಹೋಗಾಕೇ ಬೇಕು" ಎಂದರು.

ಬ್ಯಾನರ್ ಬರೆಸಿದ್ದಾಯಿತು. ಬಾಡಿಗೆ ಬಸ್ಸಿನ ಡ್ರೈವರ್ ವಿನೋದನನ್ನು ಹಾಲಸ್ವಾಮಿ ಮೂಲೆಗೆ ಕರೆದು, ಅವನ ಅವ್ವ ಯಾವೂರು, ಅಕ್ಕನನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂದು ಹೆಣ್ಣು ನೋಡಲು ಬಂದವರಂತೆ ವಿಚಾರಿಸಿ, ಅವನ ಕಡೆಯಿಂದಲೂ ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡರು. ದಾವಣಗೆರೆಯ ಕಡೆ ಹೋಗುವಾಗ ತ್ಯಾವಣಿಗೆ ಒಂದು ಅಡ್ಡ ಬರುತ್ತಿತ್ತು. ಅದಕ್ಕೆ ಕೋಳಿ ಕೂಗುವ ಮೊದಲೇ ಹೊರಡುವುದು, ಕಿಟಕಿಗಳ ಪರದೆ ಇಳಿಸುವುದು, ಎಲ್ಲರೂ ನಿದ್ದೆಯಲ್ಲಿರುವಾಗ ಊರು ದಾಟಿಬಿಡುವುದು ಎಂದು ಗೊತ್ತುಮಾಡಿದರು.

ಹೊರಡುವ ಹೊತ್ತಿಗೆ ನಾಗರತ್ನಮ್ಮ ಚಿತ್ರಾನ್ನದ ಡಬ್ಬಿಗಳನ್ನು ಬಸ್ಸಿಗೆ ಹಾಕಿಸುತ್ತಾ ಗಂಡನ ಮುಖ ನೋಡಿ ಮೆಲ್ಲಗೆ ಕೇಳಿದರು.

"ಅಲ್ಲ, ನಿಮಗೆ ಆ ಕುರಿ ನೋಡೋ ಆಸೆನಾ, ಇವ್ರಿಗೆ ನೆಂಟ್ರು ಸಿಗಬಾರ್ದು ಅನ್ನೋ ಆಸೆನಾ?"

"ಸುಮ್ನೆ ಹತ್ತು" ಎಂದರು ಹಾಲಸ್ವಾಮಿ.

ತ್ಯಾವಣಿಗೆಯವರೆಗೆ ಎಲ್ಲವೂ ಸುಸೂತ್ರ. ಬಸ್ಸಿನ ತುಂಬ ಗೊರಕೆ. ಊರೊಳಗೆ ಬಂದಾಗ ಮಬ್ಬುಗತ್ತಲು ಹರಿಯುತ್ತಿತ್ತು, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಗೆದ್ದೆವೆಂದುಕೊಳ್ಳುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದ ಕಲ್ಲೇಶಪ್ಪನವರೇ ಎದುರಾದರು. ಬಸ್ಸಿನ ಹಣೆಗೆ ಕಟ್ಟಿದ್ದ ಬ್ಯಾನರಿನಲ್ಲಿ ಬಳಗದ ಹೆಸರು ಓದಿದರು. ಬೀಗರು ಬಂದರೆಂದು ಅವರ ಮುಖ ಅರಳಿತು. ಕ್ಯಾನು ಕೆಳಗಿಟ್ಟು ಎರಡೂ ಕೈ ಎತ್ತಿ ರಸ್ತೆಗೆ ಬಂದರು.

ವಿನೋದ ಬ್ರೇಕಿನ ಮೇಲೆ ಕಾಲಿಟ್ಟ. ಹಾಲಸ್ವಾಮಿಗೆ ಜೀವ ಬಾಯಿಗೆ ಬಂತು.

"ಆ ಕಡೆ ನೋಡಬ್ಯಾಡ, ಹೋಗು."

"ಕೈ ಮಾಡ್ತಾ ಅವ್ರೆ ಸಾರ್."

"ಮಾಡ್ಲಿ. ನಮಸ್ಕಾರ ಮಾಡ್ತಾ ಅವ್ರೆ ಅಂತ ತಿಳ್ಕೊ."

ಬಸ್ಸು ಪಕ್ಕಕ್ಕೆ ಸರಿದು ಮುಂದೆ ಹೋಯಿತು. ಕನ್ನಡಿಯಲ್ಲಿ ಕಲ್ಲೇಶಪ್ಪ ಎತ್ತಿದ ಕೈ ಇಳಿಸದೆ ನಿಂತೇ ಇದ್ದರು. ಆ ಕೈಗಳನ್ನು ನೋಡಿ ಹಾಲಸ್ವಾಮಿಗೆ ತಪ್ಪು ಮಾಡಿದೆ ಅನ್ನಿಸಿತು, ಗೆದ್ದೆ ಎಂದೂ ಅನ್ನಿಸಿತು. ಗೆದ್ದದ್ದನ್ನೇ ಇಟ್ಟುಕೊಂಡು ಮುಂದೆ ತಿರುಗಿ ಕೂತರು.

ಆ ಖುಷಿ ಹೆಚ್ಚು ದೂರ ಬರಲಿಲ್ಲ. ಅಧ್ಯಕ್ಷರ ಫೋನು ಬಡಿದುಕೊಂಡಿತು. ಆ ಕಡೆಯಿಂದ ಕಲ್ಲೇಶಪ್ಪ ಮಾತಾಡಿದ್ದು ಬಸ್ಸಿಗೆಲ್ಲ ಕೇಳಿಸಿತು. ಬೈಗುಳವಿಲ್ಲ, ಏನಿಲ್ಲ. "ಹೋಗ್ಲಿ ಬಿಡ್ರಿ ಬೀಗರೇ. ನಾವು ಸಣ್ಣೋರು" ಎಂದಷ್ಟೇ ಹೇಳಿ ಇಟ್ಟರು. ಮಲ್ಲಿಕಾರ್ಜುನಪ್ಪನವರ ಮುಖ ಕಪ್ಪಿಟ್ಟಿತು.

"ಹಾಲಸ್ವಾಮಿ, ನಮ್ಮ ಹುಡುಗಿ ಆ ಮನೆಯಾಗೆ ಬಾಳ್ವೆ ಮಾಡಬೇಕಪ್ಪ" ಎಂದರು.

ದಾವಣಗೆರೆ ದಾಟಿ ಬಸ್ಸು ಬಯಲಿಗೆ ಬಿತ್ತು. ಎರಡೂ ಕಡೆ ಕೊಯ್ಲಾದ ಮೆಕ್ಕೆಜೋಳದ ಹೊಲ, ಹುಣಸೆ ಮರ, ಬೇಲಿ. ಯಾವ ಊರು ಬಂದರೂ ಯಾರೂ ಕಿಟಕಿಗೆ ಬರಲಿಲ್ಲ. 'ಇಲ್ಲಿ ನಮ್ಮ ದೊಡ್ಡಪ್ಪನ ಮಗಳನ್ನ ಕೊಟ್ಟೈತೆ' ಎಂದು ಬೆರಳು ತೋರಿಸುವವರಿಲ್ಲ. ಅಂತ್ಯಾಕ್ಷರಿ ಶುರುಮಾಡಿದರೆ ಒಂದೇ ಅಕ್ಷರಕ್ಕೆ ನಿಂತುಹೋಯಿತು. ಎಲ್ಲರೂ ಮುಖ ಊದಿಸಿಕೊಂಡು ಸಾವಿನ ಮನೆಗೆ ಹೊರಟವರಂತೆ ಕೂತರು. ಸಾವಿನ ಮನೆಗಾದರೂ ಪರವಾಗಿಲ್ಲ, ಅಲ್ಲಿ ನೆಂಟರಿರುತ್ತಾರೆ ಎಂದು ರೇವಣ್ಣ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಹಾಲಸ್ವಾಮಿಗೂ ಕೇಳಿಸಿತು. ಅವರು ವಾಚು ನೋಡಿಕೊಂಡರು. ಹೊತ್ತು ಅವರ ಕೈಯಲ್ಲೇ ಇತ್ತು.

ಜಗಳೂರು ದಾಟಿ ಒಂದು ಕವಲು ಬಂತು. ದಾರಿ ತೋರಿಸುವ ಬೋರ್ಡಿನ ಮೇಲೆ ಯಾರದೋ ಹುಟ್ಟುಹಬ್ಬದ ಪೋಸ್ಟರ್ ಅಂಟಿಸಿದ್ದರು. ಫೋನಿನ ಮ್ಯಾಪು ಸುತ್ತಿ ಸುತ್ತಿ ಸುಸ್ತಾಗಿ ನಿಂತಿತು. ಕವಲಿನ ಪಕ್ಕದಲ್ಲಿ ಒಂದೇ ಒಂದು ಮನೆ, ಮನೆಯ ಮುಂದೆ ಕುರಿದೊಡ್ಡಿ, ಹುಣಸೆಹಣ್ಣು ಕುಟ್ಟುತ್ತಾ ಕೂತ ಒಬ್ಬ ಮುದುಕಿ. ಆಕೆಯ ಹೆಸರು ಕಾಟಮ್ಮ. ಬಸ್ಸಿನಿಂದ ಯಾರೂ ಇಳಿಯಕೂಡದೆಂದು ಸೀಟಿ ಊದಿ ಹಾಲಸ್ವಾಮಿಯೊಬ್ಬರೇ ಇಳಿದರು.

"ಅಮ್ಮಾ, ಕೊಂಡುಕುರಿ ಕಾಡಿಗೆ ಹೋಗಾಕೆ ಯಾವ ದಾರಿ?"

ಕಾಟಮ್ಮ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಯಾವೂರೋರು?"

"ಚನ್ನಗಿರಿ. ದಾರಿ ಹೇಳಮ್ಮ, ಹೊತ್ತಾಗೈತೆ."

"ಚನ್ನಗಿರಿಯಾಗೆ ಯಾರ ಪೈಕಿ?"

"ಯಾರ ಪೈಕಿನೂ ಅಲ್ಲ. ಬೆಳಗ್ಗೆ ವಾಕಿಂಗ್ ಮಾಡೋರು ನಾವು."

"ಯಾರ ಪೈಕಿನೂ ಅಲ್ದೋರು ಇರ್ತಾರೇನಪ್ಪ" ಎಂದಳು ಕಾಟಮ್ಮ. ಯಾರೆಂದು ತಿಳಿಯದವರಿಗೆ ದಾರಿ ಹೇಳಿ ಆಕೆಗೆ ಅಭ್ಯಾಸವಿರಲಿಲ್ಲ. "ನಿಮ್ಮವ್ವನ ಹೆಸ್ರೇನು?"

"ಹುಲಿಗೆಮ್ಮ. ತೀರಿಕೊಂಡು ಬಾಳ ವರ್ಷ ಆತು."

"ಅಕೀ ತೌರು?"

"ಬನ್ನಿಹಟ್ಟಿ ಅಂತಿದ್ಲು. ಯಾವ ಬನ್ನಿಹಟ್ಟಿನೋ ನಂಗೆ ಗೊತ್ತಿಲ್ಲ."

ಕುಟ್ಟುವ ಕಲ್ಲು ನಿಂತಿತು. ಕಾಟಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಹಾಲಸ್ವಾಮಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ನಂದೂ ತೌರು ಬನ್ನಿಹಟ್ಟಿನೇ. ಊರಿಂದು ಏನಾರ ಹೇಳ್ತಿದ್ಲಾ ನಿಮ್ಮವ್ವ? ಗುಡಿ, ಕೆರೆ, ಏನಾರ?"

ಹಾಲಸ್ವಾಮಿ ಇಲ್ಲವೆಂದು ತಲೆಯಾಡಿಸಲು ಹೋದರು. ಆಗ ಎಲ್ಲೋ ಮುಳುಗಿದ್ದು ಮೇಲೆ ಬಂತು. ಅವ್ವ ಒಲೆಯ ಮುಂದೆ ಕೂತಿದ್ದಾಳೆ. ಪಾತ್ರೆಯ ಮುಚ್ಚಳ ತೆಗೆದು ಸೌಟಿನಿಂದ ಬೇಳೆ ಎತ್ತಿ ಬೆರಳಲ್ಲಿ ಹಿಸುಕಿ, ದಿನವೂ ಹೊಸದಾಗಿ ಕಂಡವಳಂತೆ ಬೆರಗಾಗುತ್ತಿದ್ದಾಳೆ.

"ನಮ್ಮೂರ ಬಾವಿ ನೀರಾಗೆ ಬೇಳೆ ಬೇಯಲ್ಲ ಅಂತಿದ್ಲು" ಎಂದರು. "ಚನ್ನಗಿರಿ ನೀರಾಗೆ ಎಷ್ಟು ಬೇಗ ಬೇಯ್ತೈತೆ ನೋಡು ಅಂತಿದ್ಲು."

ಕಾಟಮ್ಮ ಇದ್ದ ನಾಲ್ಕು ಹಲ್ಲನ್ನೂ ತೋರಿಸಿ ನಕ್ಕಳು.

"ಅದೇ ಊರು ಕಣಪ್ಪ. ದಿನವೆಲ್ಲ ಕುದಿಸಿದ್ರೂ ಕಲ್ಲಿದ್ದಂಗೆ ಇರ್ತಿತ್ತು. ನಮ್ಮೂರ ಹೆಣ್ಮಕ್ಳು ಯಾವೂರಿಗೆ ಹೋದ್ರೂ ಮೊದ್ಲು ಆ ಊರ ಬೇಳೆ ನೋಡಿ ಬಾಯಿ ಬಿಡೋರು."

ಬಸ್ಸಿನ ಕಿಟಕಿಗಳ ಪರದೆಗಳೆಲ್ಲ ಸರಿದಿದ್ದವು. ಪ್ರಸನ್ನಕುಮಾರ್ ತಲೆ ಹೊರಗೆ ಹಾಕಿ ಕೂಗಿದರು. "ಅಜ್ಜಿ, ಇವ್ರ ಅವ್ವನ್ನ ನೀನು ನೋಡಿದ್ಯಾ?"

"ಇಲ್ಲಪ್ಪ. ನಮ್ಮೂರಾಗೆ ಮನೆಗೊಬ್ಬಳು ಹುಲಿಗೆಮ್ಮ. ಯಾವಳು ಅಂತ ಹೇಳ್ಲಿ?"

"ಮತ್ತೆ ಹೆಂಗೆ ಸಂಬಂಧ ಆಗ್ತೈತೆ?"

"ಒಂದೇ ಊರ ಹೆಣ್ಮಕ್ಳು, ಒಂದೇ ಬಾವಿ ನೀರು ಕುಡ್ದೋರು, ಅಕ್ಕತಂಗೇರಲ್ದೆ ಇನ್ನೇನು? ನಾನು ಇವನಿಗೆ ದೊಡ್ಡವ್ವ ಆಗ್ಬೇಕು" ಎಂದು ಕಾಟಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಎದ್ದವಳು ಹಾಲಸ್ವಾಮಿಯ ಕಡೆ ತಿರುಗಿದಳು. "ಏನೋ, ಬಾಗಿಲ ಮುಂದೆ ಬಂದು ದಾರಿ ಕೇಳ್ಕೊಂಡು ಹೋಗೋನೇನೋ ನೀನು?"

ಅರವತ್ತರ ಹತ್ತಿರ ಬಂದ ಹಾಲಸ್ವಾಮಿಯನ್ನು 'ಏನೋ' ಎಂದು ಗದರುವವರು ಚನ್ನಗಿರಿಯಲ್ಲಿ ಯಾರೂ ಉಳಿದಿರಲಿಲ್ಲ. ಸೀಟಿ ಊದಬೇಕೆಂದು ಕೈಯೆತ್ತಿದವರು ಸೀಟಿಯನ್ನು ಸುಮ್ಮನೆ ಹಿಡಿದುಕೊಂಡು ನಿಂತರು. ಬಳಗದವರು ಈ ವಿಷಯದಲ್ಲಿ ಅನುಭವಸ್ಥರು. ಅಷ್ಟರಲ್ಲಾಗಲೇ ಅರ್ಧ ಬಸ್ಸು ಇಳಿದು ಕೈಕಾಲು ತೊಳೆಯಲು ನೀರೆಲ್ಲಿದೆ ಎಂದು ಕೇಳುತ್ತಿತ್ತು.

ಕಾಟಮ್ಮನ ಮಗ ಓಬಳೇಶ ಹೊಲದಿಂದ ಓಡಿ ಬಂದ. ಸೊಸೆ ಅನಿತಾ ಅಕ್ಕಪಕ್ಕದ ಹೊಲದ ಮನೆಗಳಿಂದ ತಟ್ಟೆ ಲೋಟ ತರಿಸಿದಳು. ಪಡಸಾಲೆಯ ಮಂಚಕ್ಕೆ ಹೊಸ ಕಂಬಳಿ ಹಾಸಿ ಹಾಲಸ್ವಾಮಿಯನ್ನು ಕೂರಿಸಿದರು. ಓಬಳೇಶ ಅವರನ್ನು ಅಣ್ಣಾ ಎಂದ, ಅನಿತಾ ಬಾವ ಎಂದಳು. ಕಾಟಮ್ಮ ಎದುರಿಗೆ ಕೂತು ಅವರ ಮಂಡಿನೋವು, ನಾಗರತ್ನಮ್ಮನ ಕನ್ನಡಕ, ಆಶಾಳ ಮಕ್ಕಳು, ಮನೆ ಸ್ವಂತದ್ದೋ ಬಾಡಿಗೆಯದೋ, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು. ಹಾಲಸ್ವಾಮಿ ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದ ಹುಡುಗನಂತೆ ಒಂದನ್ನೂ ಬಿಡದೆ ಉತ್ತರಿಸಿದರು. ಕೊನೆಗೆ ಕಾಟಮ್ಮನ ಕಣ್ಣು ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಮಲ್ಲಿಕಾರ್ಜುನಪ್ಪನವರ ಮೇಲೆ ಬಿತ್ತು.

"ಇವ್ರು?"

"ಇವ್ರು ನಮ್ ಜೊತಿಗೆ ಬಂದೋರು, ದೊಡ್ಡವ್ವ" ಎಂದರು ಹಾಲಸ್ವಾಮಿ.

ಒಳಗೆ ಕುಕ್ಕರ್ ಕೂಗಿತು. ಬಿಸಿಲು ಅಂಗಳ ದಾಟಿ ಜಗಲಿ ಹತ್ತಿತು. ಅಧ್ಯಕ್ಷರು ಕುರ್ಚಿಯಲ್ಲೇ ಮಿಸುಕಾಡಿದರು. ಪಾಪ, ಅವರಿಗೆ ನಿಜವಾಗಿಯೂ ಆ ನಾಲ್ಕು ಕೊಂಬು ನೋಡುವ ಆಸೆಯಿತ್ತು.

"ಹಾಲಸ್ವಾಮಿ, ಹೊತ್ತು ಏರ್ತೈತೆ. ಕುರಿ ಪೊದೆ ಸೇರ್ಕೊಂತಾವೆ. ಹೊರಡಣ."

"ಐದೇ ನಿಮಿಷ" ಎಂದರು ಹಾಲಸ್ವಾಮಿ.

ಪ್ರಸನ್ನಕುಮಾರ್ ಎದುರಿಗೆ ಬಂದು ನಿಂತರು. ಅವರ ಮುಖದಲ್ಲಿ ನಗು ತಡೆಯುತ್ತಿರಲಿಲ್ಲ. "ಪಂದ್ಯ ನೆನಪೈತೋ ಇಲ್ವೋ? ಈಗ ಎದ್ರೆ ಇನ್ನೂ ಮುಟ್ಟಬಹುದು. ಕಾಡು ಇಲ್ಲೇ ಕೂಗಳತೆಯಾಗೈತಂತೆ, ಓಬಳೇಶ ಹೇಳ್ದ."

ಹಾಲಸ್ವಾಮಿ ವಾಚು ನೋಡಿದರು. ನಿಜ, ಎದ್ದರೆ ಮುಟ್ಟಬಹುದಿತ್ತು. ಅಷ್ಟೂ ವರ್ಷಗಳ ಆಸೆ ಆ ಕವಲಿನ ಆಚೆಯೇ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಕಾಟಮ್ಮ ಸೊಸೆಗೆ ಹೇಳುತ್ತಿದ್ದದ್ದು ಕೇಳಿಸಿತು. "ಬೇಳೆ ಇನ್ನೊಂದು ಕೂಗು ಕೂಗ್ಸು. ಹುಡುಗ ಚನ್ನಗಿರಿಯಾಗೆ ಮೆತ್ತಗೆ ಬೆಂದಿದ್ದು ತಿಂದೋನು."

ಹಾಲಸ್ವಾಮಿ ಕೊರಳಿನಿಂದ ಸೀಟಿಯ ದಾರ ಬಿಚ್ಚಿ ಪ್ರಸನ್ನಕುಮಾರರ ಕೊರಳಿಗೆ ಹಾಕಿದರು.

"ಈಗ ಎದ್ದು ಹೋದ್ರೆ ದೊಡ್ಡವ್ವ ಬೇಜಾರು ಮಾಡ್ಕೊಂತಾಳೆ" ಎಂದರು.

ಪ್ರಸನ್ನಕುಮಾರ್ ಅಂಗಳಕ್ಕೆ ಹೋಗಿ ಹೊಸ ಹುರುಪಿನಿಂದ ಸೀಟಿ ಊದಿದರು. ಕೋಳಿಗಳು ದಿಕ್ಕಾಪಾಲಾದವು. ಜನರಲ್ಲಿ ಒಬ್ಬರೂ ಏಳಲಿಲ್ಲ.

ಊಟಕ್ಕೆ ಮುದ್ದೆ, ಬೇಳೆ ಸಾರು, ಈರುಳ್ಳಿ, ಜೊತೆಗೆ ನಾಗರತ್ನಮ್ಮನ ಚಿತ್ರಾನ್ನ. ಎರಡನೇ ಮುದ್ದೆ ತಂದ ಕಾಟಮ್ಮ ಬೇಕಾ ಎಂದು ಕೇಳಲಿಲ್ಲ. ಹಾಲಸ್ವಾಮಿ ಹಳೆಯ ಅಭ್ಯಾಸದಂತೆ ತಟ್ಟೆಗೆ ಕೈ ಅಡ್ಡ ಹಿಡಿದರು. ಆಕೆ ಆ ಕೈಯ ಮೇಲೇ ಬಿಸಿ ಮುದ್ದೆ ಇಟ್ಟು ಹೋದಳು. ಕೈ ಚುರ್ರೆಂದಿತು. ಹಾಲಸ್ವಾಮಿ ಅದನ್ನು ಪೂರ್ತಿ ಉಂಡರು. ಮೂರನೆಯದಕ್ಕೂ ಕೈ ಅಡ್ಡ ಹಿಡಿದರು.

ಬ್ಯಾನರ್ ದಂಡವಾಗಬಾರದಲ್ಲ. 'ಕೊಂಡುಕುರಿ ವನ್ಯಧಾಮ ಪ್ರವಾಸ' ಎಂಬುದನ್ನು ಕುರಿದೊಡ್ಡಿಯ ಮುಂದೆ ಹಿಡಿದರು. ಓಬಳೇಶ ದೊಡ್ಡಿಯಿಂದ ಎರಡು ಟಗರು ಎಳೆದು ತಂದು ತಲೆಗೆ ತಲೆ ತಾಗಿಸಿ ನಿಲ್ಲಿಸಿದ. "ಎಣಿಸ್ಕೊಳ್ರಿ, ನಾಲ್ಕು ಕೊಂಬು ಅದಾವೋ ಇಲ್ವೋ" ಎಂದರು ಅಧ್ಯಕ್ಷರು, ಸಮಾಧಾನವಾದವರಂತೆ. ಕಾಟಮ್ಮ ಮಧ್ಯದಲ್ಲಿ ಹಾಲಸ್ವಾಮಿಯ ತೋಳು ಹಿಡಿದು ನಿಂತಳು.

ಹೊರಡುವಾಗ ಆಕೆ ಹುಣಸೆಹಣ್ಣಿನ ಗಂಟೊಂದನ್ನು ನಾಗರತ್ನಮ್ಮನ ಕೈಗೆ ಕೊಟ್ಟಳು. ಕಾಡಿನ ದಾರಿ ಯಾವುದೆಂದು ಕೊನೆಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹಿಂದಿರುಗುವಾಗ ತ್ಯಾವಣಿಗೆಯಲ್ಲಿ ಬಸ್ಸು ತಾನಾಗಿಯೇ ನಿಂತಿತು. ಹಾಲಸ್ವಾಮಿ ಎಲ್ಲರಿಗಿಂತ ಮೊದಲು ಇಳಿದು ಕಲ್ಲೇಶಪ್ಪನವರ ಎರಡೂ ಕೈ ಹಿಡಿದುಕೊಂಡು, "ತಪ್ಪು ನಂದು, ಬೀಗರದಲ್ಲ. ಉಣ್ಣಾಕೆ ಇಕ್ಕಿ ಬೈರಿ" ಎಂದರು. ಕಲ್ಲೇಶಪ್ಪ ಉಣ್ಣಲು ಇಕ್ಕಿದರು, ಬೈಯಲು ಮರೆತರು.

ಈಗ ಟಗರುಗಳ ಫೋಟೊ ಹೋಟೆಲಿನ ಗೋಡೆಯ ಮೇಲೆ ಪಂಪ್‌ಸೆಟ್ಟಿನ ಪಕ್ಕದಲ್ಲಿದೆ. ಸೀಟಿ ಪ್ರಸನ್ನಕುಮಾರರ ಕೊರಳಲ್ಲಿದೆ. ಹೊಸ ಕಾರ್ಯದರ್ಶಿಯಾದವರು ತಾವಾದರೂ ಬಳಗವನ್ನು ಒಂದು ಜಾಗ ಮುಟ್ಟಿಸಿಯೇ ತೀರಬೇಕೆಂದು ಹಠ ತೊಟ್ಟು, ಮೊನ್ನೆ ಕಾಫಿಯ ಹೊತ್ತಿನಲ್ಲಿ ಒಂದೊಂದೇ ಊರಿನ ಹೆಸರು ಹೇಳುತ್ತಾ ಎಲ್ಲರ ಮುಖ ನೋಡುತ್ತಿದ್ದರು. ಹೊನ್ನಾಳಿ ಆಗಲಿಲ್ಲ. ನ್ಯಾಮತಿ ಆಗಲಿಲ್ಲ.

"ಹಂಗಾದ್ರೆ ಮತ್ತೆ ಜಗಳೂರಿಗೇ ಹೋಗಿ ಆ ಕೊಂಡುಕುರಿ ನೋಡ್ಕೊಂಡೇ ಬರಣ" ಎಂದು ಮೇಜಿನ ಸುತ್ತ ಕಣ್ಣು ಹಾಯಿಸಿದರು.

ಒಂದು ಮುಖ ಅರಳಿತು.

"ಜಗಳೂರು ಬ್ಯಾಡ್ರಿ" ಎಂದರು ಮಲ್ಲಿಕಾರ್ಜುನಪ್ಪ, ಕಾಫಿ ಲೋಟ ಕೆಳಗಿಟ್ಟು. "ಅಲ್ಲಿ ಹಾಲಸ್ವಾಮಿ ನೆಂಟ್ರು ಅದಾರೆ. ಬಸ್ಸು ಮುಂದಕ್ಕೆ ಹೋಗಲ್ಲ."

ಎಲ್ಲರೂ ಹೌದೌದೆಂದರು. ಹಾಲಸ್ವಾಮಿ ಎದ್ದು, ಗೋಡೆಯ ಫೋಟೊ ಸೊಟ್ಟಗಾಗಿದೆ ಎಂದು ಸರಿಮಾಡುವ ನೆವದಲ್ಲಿ, ಸ್ವಲ್ಪ ಹೊತ್ತು ಆ ಕಡೆಗೇ ಮುಖಮಾಡಿ ನಿಂತರು.